ನಾಲ್ಕನೇ ನಂಬರಿನ ಒದ್ದೆ

ಸಮುದ್ರದ ಸಿನಿಮಾ ತೆಗೆಯುವವರಿಗೆ ದೊಡ್ಡ ತಲೆನೋವು ಸಮುದ್ರವಲ್ಲ, ಒದ್ದೆ. ಬೆಳಗ್ಗೆ ಅಲೆಗೆ ಸಿಕ್ಕಿ ತೊಯ್ದು ತೊಪ್ಪೆಯಾದ ನಾಯಕ, ಊಟ ಮುಗಿಸಿ ಅದೇ ದೃಶ್ಯದ ಉಳಿದರ್ಧಕ್ಕೆ ಬಂದು ನಿಲ್ಲುವಾಗ ಗರಿಗರಿಯಾಗಿ ಒಣಗಿರುತ್ತಾನೆ. ಪರದೆಯ ಮೇಲೆ ನಡುವೆ ಕಳೆಯುವುದು ಒಂದೇ ಕ್ಷಣ. ಅಷ್ಟರಲ್ಲಿ ಮನುಷ್ಯ ಹೇಗೆ ಒಣಗಿದ ಎಂದು ನೋಡುವವರು ನಗಬಾರದು. ಒಂದು ಶಾಟಿಗೂ ಮುಂದಿನ ಶಾಟಿಗೂ ಎಲ್ಲ ಹೊಂದುವಂತೆ ನೋಡಿಕೊಳ್ಳಲೆಂದೇ ಆ ಸ್ಟುಡಿಯೋದಲ್ಲಿ ಒಬ್ಬಳಿದ್ದಳು. ಹಿತ್ತಲಿನ ದೊಡ್ಡ ತೊಟ್ಟಿ ಈ ಚಿತ್ರಕ್ಕೆ ಸಮುದ್ರವಾದ ದಿನದಿಂದ ಎಲ್ಲರೂ ಅವಳನ್ನು ಒದ್ದೆಯಕ್ಕ ಎನ್ನತೊಡಗಿದ್ದರು.

ಒದ್ದೆಯಕ್ಕ ಒದ್ದೆಗೆ ನಂಬರು ಕೊಟ್ಟಿದ್ದಳು. ಒಂದು ಎಂದರೆ ಮುಖ ತೊಳೆದು ಒರೆಸಿಕೊಂಡಷ್ಟು. ನಾಲ್ಕು ಎಂದರೆ ಕೆನ್ನೆಯ ಮೇಲೆ ಹನಿ ಇಳಿಯುವಷ್ಟು. ಏಳಕ್ಕೆ ಮೀಸೆ ತೊಟ್ಟಿಕ್ಕಬೇಕು. ಹತ್ತು ಎಂದರೆ ಈಗಷ್ಟೇ ಮುಳುಗಿ ಎದ್ದವನು. ಕೈಯಲ್ಲಿ ಚೊಂಬು, ಹೆಗಲ ಮೇಲೆ ಟವೆಲು, ಕಂಕುಳಲ್ಲಿ ನೋಟ್‌ಬುಕ್ಕು. ಕಡಿಮೆಯಾದರೆ ಸುರಿಯುವುದು, ಹೆಚ್ಚಾದರೆ ಒರೆಸುವುದು. ಇಷ್ಟಾದರೂ ಮನೆಗೆ ಹೋದ ಮೇಲೆ, ನಾಯಕನ ಬಲಗಿವಿಯ ಹಿಂದೆ ಒಣಗಿತ್ತೋ ಏನೋ ಎಂದು ನೆನೆದು ಅವಳು ಮತ್ತೆ ಪುಟ ತಿರುವುತ್ತಿದ್ದಳು.

ಎಡವಟ್ಟಾದದ್ದು ಈ ಎಚ್ಚರಿಕೆಯಿಂದಲೇ.

ಆ ದಿನದ ದೃಶ್ಯ ಇದು: ದೋಣಿ ಒಡೆದು, ಮೂರು ದಿನ ಬಿಸಿಲಲ್ಲಿ ತೇಲಿದ ಮೇಲೆ ತಮ್ಮ ಹಲಗೆಯ ಮೇಲೆ ಸತ್ತಿದ್ದಾನೆ. ಅಣ್ಣ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಅವನ ಮುಖ ನೋಡಬೇಕು. ಅಣ್ಣನ ಪಾತ್ರ ನಾಯಕನದು. ಮೂವತ್ತು ವರ್ಷದಿಂದ ನೂರಾರು ಸಲ ಅತ್ತವನು, ಎಲ್ಲವೂ ಗ್ಲಿಸರಿನ್ ಕೃಪೆ. ಆ ದಿನ ಮಾತ್ರ, ಗ್ಲಿಸರಿನ್ ಬಾಟಲಿ ಇನ್ನೂ ಮೇಕಪ್ಪಿನವನ ಜೇಬಿನಲ್ಲಿರುವಾಗಲೇ, ಅವನ ಕಣ್ಣು ಕೆಂಪಾಗಿ ಧಾರಾಕಾರ ನೀರು ಇಳಿಯಿತು. ನಿರ್ದೇಶಕನಿಗೆ ಮೈ ಜುಮ್ಮೆಂದಿತು, ನಿಂತಲ್ಲೇ ಅವನಿಗೆ ಕೈ ಮುಗಿದ. ಬಾಯಿ ಬಿಟ್ಟರೆ ಎಲ್ಲಿ ನಿಂತುಹೋಗುತ್ತದೋ ಎಂದು, ಕ್ಯಾಮೆರಾ ಓಡಿಸುವಂತೆ ಕೈಸನ್ನೆ ಮಾಡಿದ.

ಒದ್ದೆಯಕ್ಕ ಆ ಸನ್ನೆ ನೋಡಲಿಲ್ಲ. ಅವಳು ನೋಡಿದ್ದು ನೋಟ್‌ಬುಕ್ಕನ್ನು. ಅದರಲ್ಲಿ ಅಣ್ಣನ ಮುಖ ಎರಡನೇ ನಂಬರು ಎಂದಿತ್ತು. ತಲೆಯೆತ್ತಿದರೆ ಎದುರಿಗೆ ನಾಲ್ಕು. ಸರಸರನೆ ನೀರಿಗಿಳಿದು, ಟವೆಲಿನ ಒಣ ತುದಿಯಿಂದ ಎರಡೂ ಕೆನ್ನೆ ಒತ್ತಿ ಒತ್ತಿ ಒರೆಸಿದಳು. ಮೂಗಿನ ತುದಿಯನ್ನೂ ಬಿಡಲಿಲ್ಲ.

"ಈಗ ಸರಿ ಇದೆ ಸರ್," ಎಂದಳು.

ಸತ್ತುಬಿದ್ದಿದ್ದ ತಮ್ಮ ಕಣ್ಣು ಬಿಟ್ಟು ನೋಡಿದ.

ಅಷ್ಟರಲ್ಲಿ ತೊಟ್ಟಿಯ ನೊರೆಯೂ ಇಳಿದುಹೋಗಿತ್ತು; ಆಮೇಲೆ ಏನು ಮಾಡಿದರೂ ನಾಯಕನಿಗೆ ಅಳು ಬರಲಿಲ್ಲ. "ಆ ಹೆಂಗಸನ್ನ ಮೊದ್ಲು ಕಳಿಸಿ," ಎಂದು ಅವನು ಮೇಕಪ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ನಿರ್ದೇಶಕ ಬಹಳ ಮೆಲ್ಲಗೆ ಮಾತಾಡಿದ. ಅವನು ಮೆಲ್ಲಗೆ ಮಾತಾಡಿದರೆ ಎಲ್ಲರಿಗೂ ಭಯ. "ನಾಳೆ ಬೆಳಿಗ್ಗೆ ಇನ್ನೊಂದ್ಸಲ ನೋಡೋಣ. ಅವ್ರು ಹಾಗೇ ಅತ್ರೆ ಸರಿ. ಇಲ್ಲಾಂದ್ರೆ ನಾಡಿದ್ದು ನೀವು ಬರೋದು ಬೇಡ, ಅಕ್ಕಾ."

ಸಂಜೆ ಅಡುಗೆಮನೆಯಲ್ಲಿ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. "ಅಳ್ತಾ ಇರೋ ಗಂಡಸಿನ ಮುಖ ಒರೆಸಿದ್ಯಾ? ಎಲ್ಲರೆದುರಿಗೆ?"

"ಅಳು ಅಂತ ಗೊತ್ತಾಗ್ಲಿಲ್ಲ ಅತ್ತೆ. ನಾಲ್ಕನೇ ನಂಬರು ಅಂದ್ಕೊಂಡೆ."

"ನನ್ನ ಮಗ ಅತ್ತಾಗ ಒಂದಿನ ಒರೆಸಿದ್ದೀಯಾ?"

"ಅವರು ಯಾವಾಗ ಅತ್ರು?"

"ಈಗ," ಎಂದ ಗಂಡ. ಮೂಲೆಯಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದವನ ಕಣ್ಣು ಕೆಂಪಾಗಿ ಕೆನ್ನೆ ಮೇಲೆ ಧಾರಾಕಾರ ನೀರು ಇಳಿಯುತ್ತಿತ್ತು.

ಒದ್ದೆಯಕ್ಕ ಅವನ ಮುಖವನ್ನೇ ನೋಡಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ ಹೆಂಡತಿ ಹೀಗೆ ನೆಟ್ಟ ಕಣ್ಣಿಂದ ನೋಡಿದ್ದು ಕಂಡು ಅವನಿಗೆ ನಾಚಿಕೆಯೇ ಆಯಿತು. ಅವಳು ಎದ್ದುಹೋಗಿ ನೋಟ್‌ಬುಕ್ಕು ತೆರೆದಳು. ಒದ್ದೆಯ ಜೊತೆಗೆ ಕಂಡದ್ದನ್ನೆಲ್ಲ ಬರೆದಿಡುವ ಅಭ್ಯಾಸ ಅವಳದು. ಆ ದಿನದ ಪುಟದಲ್ಲೇ ಇತ್ತು: ಗಾಳಿ ಯಂತ್ರ ಜೋರು, ನೊರೆ ಹಾರಿಹೋಗುತ್ತಿದೆ, ಸೋಪಿನ ಪುಡಿ ಮೂರು ಪೊಟ್ಟಣದ ಬದಲು ಐದು.

ಮರುದಿನ ಎಲ್ಲರಿಗಿಂತ ಮೊದಲು ಹೋಗಿ, ತೊಟ್ಟಿಗೆ ಸಮುದ್ರದ ನೊರೆ ಎಬ್ಬಿಸುವ ಮುದುಕನನ್ನು ಹಿಡಿದಳು. ಅವನನ್ನು ನೊರೆಯಣ್ಣ ಎನ್ನುತ್ತಿದ್ದರು.

"ಅಣ್ಣಾ, ಇವತ್ತೂ ಐದೇ ಪೊಟ್ಟಣ ಹಾಕ್ಬೇಕು. ಯಾಕೆ ಅಂತ ಕೇಳ್ಬೇಡ."

"ಕೇಳೋದೇನಿದೆ? ನಿನ್ನೆ ನಂಗೂ ಕಣ್ಣು ಉರೀತು."

"ಮತ್ತೆ ಹೇಳಲಿಲ್ಲ ಯಾಕೆ?"

"ಅವ್ರು ಅತ್ರು ಅಂತ ಡೈರೆಕ್ಟರು ಕೈ ಮುಗೀತಾ ಇದ್ರು. ನಡುವೆ ಹೋಗಿ, ಸ್ವಾಮೀ ಅದು ಸೋಪು ಅನ್ನಲಾ?"

ಶಾಟ್ ಸಿದ್ಧವಾಯಿತು. ಒದ್ದೆಯಕ್ಕನ ಟವೆಲನ್ನು ಮುಂಜಾಗ್ರತೆಗಾಗಿ ಕಸಿದುಕೊಂಡು ಮೇಕಪ್ಪಿನವನ ಕೈಗೆ ಕೊಟ್ಟಿದ್ದರು. ಗಾಳಿ ಯಂತ್ರ ತಿರುಗಿತು. ನಾಯಕ ತಮ್ಮನ ಮುಖ ನೋಡಿದ, ತುಟಿ ಕಚ್ಚಿದ, ಕಣ್ಣು ತುಂಬಿತು, ಹರಿಯಿತು. ನಿರ್ದೇಶಕನ ಕಣ್ಣೂ ತುಂಬಿತು. ದೀಪ ಹಿಡಿದವನು ಮೂಗು ಸೊರಸೊರ ಎನ್ನಿಸಿದ. ಕ್ಯಾಮೆರಾದವನು ಒಂದು ಕಣ್ಣಲ್ಲಿ ಚಿತ್ರ ತೆಗೆಯುತ್ತ ಇನ್ನೊಂದನ್ನು ತೋಳಿಗೆ ಉಜ್ಜಿಕೊಂಡ. ಹಲಗೆಯ ಮೇಲೆ ಸತ್ತ ತಮ್ಮನ ಮುಚ್ಚಿದ ಕಣ್ಣಿನಿಂದಲೂ ಬಳಬಳನೆ ನೀರು.

ಒದ್ದೆಯಕ್ಕ ನೊರೆಯಣ್ಣನ ಕಡೆ ತಿರುಗಿದಳು. ಅವನು ಏಳು ಬೆರಳು ತೋರಿಸಿ, ನಿನಗಾಗಿ ಎಂಬಂತೆ ಎದೆ ಮುಟ್ಟಿಕೊಂಡ.

ಹೆಣ ಅಳುತ್ತಿದೆ. ಗಡಬಡಿಸಿ ಪುಟ ತಿರುವಿದಳು. ತಮ್ಮನ ಮುಖ: ಅಲೆ ಬಡಿಯುತ್ತಿರುತ್ತದೆ, ಒಂಬತ್ತನೇ ನಂಬರು. ಒಂಬತ್ತರ ಮುಖದಲ್ಲಿ ಅತ್ತರೆಷ್ಟು, ಬಿಟ್ಟರೆಷ್ಟು? ಅವಳು ಉಸಿರು ಬಿಟ್ಟಳು.

"ಕಟ್," ಎಂದ ನಿರ್ದೇಶಕ. ಹೋಗಿ ನಾಯಕನನ್ನು ನೀರಿನಲ್ಲೇ ತಬ್ಬಿಕೊಂಡ.

ಸ್ವಲ್ಪ ಹೊತ್ತಿನ ಮೇಲೆ ನಾಯಕ ಮೈಗೆ ಬಟ್ಟೆ ಸುತ್ತಿಕೊಂಡು ಒದ್ದೆಯಕ್ಕನ ಪಕ್ಕ ಬಂದು ನಿಂತ. ಕಣ್ಣು ಇನ್ನೂ ಕೆಂಡದಂತಿತ್ತು.

"ಎಷ್ಟು ಪೊಟ್ಟಣಮ್ಮಾ?"

ಅವಳಿಗೆ ಸುಳ್ಳು ಹೇಳಲು ಬಾರದು. "ಏಳು ಸರ್. ನಾನು ಐದು ಅಂದಿದ್ದೆ."

"ಹಾಗಾ. ನಿನ್ನೇದಕ್ಕಿಂತ ಜೋರಾಗಿತ್ತು."

"ನಿಮಗೆ ಗೊತ್ತಿತ್ತಾ ಸರ್?"

"ಉರಿಯೋದು ನನ್ನ ಕಣ್ಣು, ನಂಗೆ ಗೊತ್ತಾಗಲ್ವಾ? ಹೇಳೋಣ ಅಂತಲೇ ಇದ್ದೆ. ಅಷ್ಟರಲ್ಲಿ ಆ ಮನುಷ್ಯ ಕೈ ಮುಗಿದುಬಿಟ್ಟ. ಮೂವತ್ತು ವರ್ಷದಲ್ಲಿ ನನ್ನ ಅಳುವಿಗೆ ಯಾರೂ ಕೈ ಮುಗಿದಿರಲಿಲ್ಲ, ತಾಯಿ. ನೀನು ಬಂದು ಅದನ್ನೂ ಒರೆಸಿ ಹಾಕಿದೆ."

ಅಷ್ಟರಲ್ಲಿ ನಿರ್ದೇಶಕ ಬಂದ. "ಸರ್, ಇವರ ವಿಚಾರ ಏನು ಮಾಡೋಣ?"

"ಏನು ಮಾಡೋದು? ಇನ್ನೂ ಎರಡು ಅಳೋ ಸೀನ್ ಇದೆ. ಇವಳಿಲ್ದೆ ನಾನು ನೀರಿಗೆ ಇಳಿಯೋದಿಲ್ಲ."

"ನಿನ್ನೆ ನೀವೇ ಕಳಿಸಿ ಅಂದ್ರಿ."

ನಾಯಕ ಕಣ್ಣೊರೆಸಿಕೊಂಡ. "ನಿನ್ನೆ ನಾನು ದುಃಖದಲ್ಲಿದ್ದೆ," ಎಂದ.