ಕೊಂಬೆಗೆ ತೂಗುಹಾಕಿದ ಚೀಲ

ನದಿಯ ದಂಡೆ ಹಿಡಿದು ನಾಲ್ಕು ದಿನ ಕಾಡಿನಲ್ಲಿ ನಡೆಯಲು ಹೊರಟ ಒಂಬತ್ತು ಜನರ ತಂಡದಲ್ಲಿ ಸೊಸೆಯ ಪಾಲಿಗೆ ಬಂದದ್ದು ಬಾಲದ ಕೆಲಸ. ಎಲ್ಲರಿಗಿಂತ ಹಿಂದೆ ನಡೆಯಬೇಕು, ತನ್ನ ಹಿಂದೆ ಯಾರೂ ಉಳಿಯದಂತೆ ನೋಡಿಕೊಳ್ಳಬೇಕು. ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಒಂದೊಂದು ಚೀಟಿಯನ್ನೂ ಮೂರು ಸಲ ಓದುವವಳು ಇವಳು ಎಂದು ತಿಳಿದ ಮೇಲೆ ತಂಡದ ಮುಂದಾಳು ಬೇರೆ ಯಾರನ್ನೂ ಕೇಳಲಿಲ್ಲ. ನಿಯಮ ಒಂದೇ: ಪೊದೆಯ ಮರೆಗೆ ಹೋಗುವವರು ಚೀಲವನ್ನು ದಾರಿಯ ನಡುವೆ ಇಟ್ಟು ಹೋಗಬೇಕು. ಚೀಲ ಕಂಡರೆ ಬಾಲ ಅಲ್ಲೇ ನಿಲ್ಲಬೇಕು.

ಮಾವನನ್ನು ಕರೆತಂದವಳೂ ಅವಳೇ. ಎಪ್ಪತ್ತರ ಅಪ್ಪನಿಗೆ ಇದೆಲ್ಲ ಯಾಕೆ ಎಂದು ಗಂಡ ಗೊಣಗಿದ್ದ. ಅಂಗಡಿ ಮುಚ್ಚಿದಂದಿನಿಂದ ಕಿಟಕಿ ಬಿಟ್ಟು ಏಳದ ಮನುಷ್ಯನಿಗೆ ಗಾಳಿ ಬೆಳಕು ಬೇಡವೇ ಎಂದು ವಾದಿಸಿ, ಕೂದಲೂ ಕೊಂಕದಂತೆ ವಾಪಸು ಕರೆತರುತ್ತೇನೆ ಎಂದು ಮಾತು ಕೊಟ್ಟಿದ್ದಳು.

ಮೂರನೆಯ ದಿನ ಮಧ್ಯಾಹ್ನ ನದಿ ದಾಟುವ ಜಾಗ ಬಂತು. ಮೇಲೆಲ್ಲೋ ಮಳೆಯಾಗಿರಬೇಕು, ನೀರು ಕೆಂಪಾಗಿತ್ತು. ನೀರು ಏರುತ್ತಿದೆಯೇ ಎಂದು ನೋಡಲು ಮುಂದಾಳು ಅಂಚಿನಲ್ಲಿ ನೆಟ್ಟ ಕೋಲಿನ ಬುಡ ನೋಡನೋಡುತ್ತಲೇ ಮುಳುಗಿತು. ತಲೆ ಎಣಿಸಿದರೆ ಎಂಟು. ಮಾವ ಇಲ್ಲ.

ಸೊಸೆ ಬಂದ ದಾರಿಯತ್ತ ತಿರುಗಿ ನೋಡಿದಳು. ಸಾಲು ಉದ್ದವಾಗಿತ್ತು, ತಿರುವುಗಳಲ್ಲಿ ಮುಂದಿನವರು ಕಾಣುತ್ತಿರಲಿಲ್ಲ, ನಿಜ. ಆದರೆ ದಾರಿಯಲ್ಲಿ ಒಂದೂ ಚೀಲ ಇರಲಿಲ್ಲ. ಆಣೆ ಮಾಡಿ ಹೇಳಬಲ್ಲಳು. ಹಾಗಾದರೆ ನೀರಿಗೇ... ಅದರಾಚೆ ಯೋಚಿಸಲು ಧೈರ್ಯ ಬರಲಿಲ್ಲ.

ಉಳಿದವರನ್ನು ಎತ್ತರದಲ್ಲಿ ಕೂರಿಸಿ ಮುಂದಾಳು ಅವಳ ಜೊತೆ ಹಿಂದಕ್ಕೆ ಹೊರಟ. ತೇಲಿಬರುವ ಒಂದೊಂದು ಕೊರಡೂ ಅವಳಿಗೆ ಮಾವನ ಬೆನ್ನಿನಂತೆ ಕಾಣುತ್ತಿತ್ತು.

ಮೂರನೆಯ ತಿರುವಿನಲ್ಲಿ ಮಾವ ಬಂಡೆಯ ಮೇಲೆ ಕೂತು ಕನ್ನಡಕ ಒರೆಸುತ್ತಿದ್ದರು.

“ಈ ಕಡೆಯಿಂದ ಹೇಗಮ್ಮಾ ಬಂದೆ? ನಾನು ಆ ಕಡೆ ನೋಡ್ತಾ ಕೂತಿದೀನಿ,” ಎಂದರು.

“ಮಾವ, ಚೀಲ ಎಲ್ಲಿಟ್ಟಿದ್ರಿ?”

ಅವರು ಬೆರಳು ತೋರಿಸಿದರು. ದಾರಿಯಿಂದ ಎರಡು ಹೆಜ್ಜೆ ಒಳಗೆ, ಒಂದು ಮೋಟು ಕೊಂಬೆಗೆ ಚೀಲ ಅಚ್ಚುಕಟ್ಟಾಗಿ ತೂಗುತ್ತಿತ್ತು. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಗೂಡಿನಂಥ ಆ ಅಂಗಡಿಯಲ್ಲಿ ಚಿಮಟ, ಕೊಡೆ, ಊಟದ ಡಬ್ಬಿ ಎಲ್ಲಕ್ಕೂ ಗೋಡೆಯಲ್ಲಿ ಒಂದೊಂದು ಮೊಳೆ. ನೆಲಕ್ಕೆ ಬಿದ್ದದ್ದು ಕಳೆದುಹೋದಂತೆ ಎಂಬುದು ಅವರ ಪಾಠ.

“ದಾರಿ ಮಧ್ಯ ಇಟ್ರೆ ಯಾರಾದ್ರೂ ಎಡವ್ತಾರಲ್ಲ. ವಾಪಸ್ ಬಂದು ನೋಡಿದ್ರೆ ಯಾರೂ ಇಲ್ಲ. ನನ್ನ ಬಿಟ್ಟು ಮುಂದೆ ಹೋಗೋಳಲ್ಲ ನೀನು. ಎಲ್ಲೋ ಹಿಂದೆ ಉಳಿದಿದೀಯ ಅಂತ ಕಾಯ್ತಾ ಇದ್ದೆ.”

ಬೈಯಲು ಬಾಯಿ ತೆರೆದವಳಿಗೆ ನಗು ಬಂತು, ನಗುವಿನ ಹಿಂದೆಯೇ ಅಳು. ದಾರಿಯ ನಡುವೆಯೇ ಕೂತುಬಿಟ್ಟಳು.

“ಏಳಮ್ಮಾ, ಎಡವ್ತಾರೆ,” ಎಂದರು ಮಾವ.

ಹೊಳೆಯ ಬಳಿ ಕೋಲು ಅರ್ಧ ಮುಳುಗಿತ್ತು. ನೀರು ಇಳಿಯುವವರೆಗೆ ಈಚೆ ದಡದಲ್ಲೇ ಡೇರೆ ಎಂದ ಮುಂದಾಳು. ಯಾರೂ ಗೊಣಗಲಿಲ್ಲ. ಯಾರೋ ಬಿಸಿ ಚಹಾ ತಂದು ಮಾವನ ಕೈಗಿತ್ತರು.

“ಮನೇಲಿ ಹೇಳ್ಬೇಡ,” ಎಂದು ಮಾವ ಪಿಸುಗುಟ್ಟಿದರು.

“ನೀವೂ ಹೇಳ್ಬೇಡಿ.”

ಲೋಟ ಖಾಲಿಯಾದ ಮೇಲೆ ಅವರು ಚೀಲಕ್ಕೊಂದು ಕೊಂಬೆ ಹುಡುಕತೊಡಗಿದರು. ಸೊಸೆ ಚೀಲವನ್ನು ಕಿತ್ತುಕೊಂಡು, ಎಲ್ಲರಿಗೂ ಕಾಣುವಂತೆ ಡೇರೆಗಳ ನಡುವೆ ನೆಲದ ಮೇಲಿಟ್ಟಳು. ಎರಡು ನಿಮಿಷವಾಗಿರಲಿಲ್ಲ, ಸೌದೆ ಹೊತ್ತು ಬಂದ ಮುಂದಾಳು ಅದನ್ನು ಎಡವಿ ಮುಗ್ಗರಿಸಿದ.

ಮಾವ ಕನ್ನಡಕ ತೆಗೆದು ಮತ್ತೆ ಒರೆಸತೊಡಗಿದರು.