ಥರ್ಮಲ್‌ಗೆ ಕಂಡವನು

ಕುರುಗೋಡು ಗುಡ್ಡದ ಕರಡಿಗಳು ಅರಣ್ಯ ಕಾವಲುಗಾರ ಚಿನ್ನಪ್ಪನಿಗೆ ಸಲಾಮು ಹೊಡೆದೇ ಗವಿ ಸೇರುತ್ತಿದ್ದವು. ಅವನೋ ಹನ್ನೆರಡು ವರ್ಷದಲ್ಲಿ ಪಾಳಿಯಲ್ಲಿ ಒಮ್ಮೆಯೂ ರೆಪ್ಪೆ ಬಡಿದವನಲ್ಲ.

ಚಳಿಯ ನಸುಕಿನಲ್ಲಿ ಬಳ್ಳಾರಿಯ ಅರಣ್ಯ ಕಚೇರಿಯಿಂದ ಅಧಿಕಾರಿ ದಾಕ್ಷಾಯಣಿ ಮೇಡಂ ಜೀಪಿನಲ್ಲಿ ಬಂದರು. ಕತ್ತಲಲ್ಲಿ ನೋಡುವ ಹನ್ನೆರಡು ವರ್ಷ ಹಳೆಯ ನೈಟ್ ವಿಷನ್ ದುರ್ಬೀನು, ಬಿಸಿಯನ್ನು ಬೆಳ್ಳಗೆ ತೋರಿಸುವ ಐದು ವರ್ಷದ ಥರ್ಮಲ್ ದುರ್ಬೀನು, ಈ ಎರಡರಲ್ಲಿ ಯಾವುದನ್ನು ಇನ್ನೂ ನಂಬಬಹುದೆಂದು ನೋಡಿ, ಕೆಟ್ಟದ್ದನ್ನು ಗುಜರಿಗೆ ಹಾಕಬೇಕಿತ್ತು. ನೈಟ್ ವಿಷನ್‌ನಲ್ಲಿ ಕಪ್ಪು ಚುಕ್ಕೆಗಳ ನಡುವೆ ಬರೀ ಬಂಡೆ ಕಂಡಿತು. ಥರ್ಮಲ್‌ನಲ್ಲಿ ಅದೇ ಬಂಡೆಯ ಮೇಲೆ ಮನುಷ್ಯನೊಬ್ಬ ಬೆಳ್ಳಗೆ ಮಲಗಿದ್ದ. ನೋಡನೋಡುತ್ತ ಅವನ ಬೆರಳುಗಳು ಕರಗಿದವು, ಆಮೇಲೆ ಕಾಲು.

"ಯಾರ್ರೀ ಅದು?" ಮೇಡಂ ಕೇಳಿದರು.

"ದೆವ್ವ ರೀ ಮೇಡಂ! ನನ್ನ ಕಂಡ್ರ ಅದಕ್ಕೂ ಹೆದರಿಕಿ, ಅದಕ್ಕ ಕರಗಾಕತ್ತೈತಿ," ಚಿನ್ನಪ್ಪ ಎದೆಯುಬ್ಬಿಸಿದ.

"ದೆವ್ವ ತೋರ್ಸೋ ಮಷಿನ್ ಕೆಟ್ಟೈತಿ ಅಂತ ಬರೀತೀನಿ. ಇವತ್ತಿಂದ ಮಾರೇಶ ಚುಕ್ಕಿ ಬಿದ್ದ ನೈಟ್ ವಿಷನ್ನ ಹಿಡ್ಕೊಂಡು ಹೋಗ್ಲಿ."

ಮಾರೇಶ ಚಿನ್ನಪ್ಪನ ತಮ್ಮ. ಕರಡಿ ಗವಿಯ ರಾತ್ರಿ ಪಾಳಿ ಅವನದು; ಆ ಚುಕ್ಕೆಗಳ ನಡುವೆ ಕರಡಿ ಎದುರು ಬಂದರೂ ಕಾಣದು.

ಚಿನ್ನಪ್ಪ ಬಂಡೆಗೆ ಅಂಗೈ ಒತ್ತಿದ. ಇನ್ನೂ ಬೆಚ್ಚಗಿತ್ತು.

"ಬರೀಬ್ಯಾಡ್ರಿ ಮೇಡಂ. ಮಷಿನ್ ಖರೇನ ಹೇಳಾಕತ್ತೈತಿ. ಕಲ್ಲಿಗೆ ಹತ್ತಿದ್ದು ನನ್ನ ಮೈಬಿಸಿ. ನಿಮ್ಮ ಜೀಪಿನ ಸಪ್ಪಳ ಕೇಳೋತನಕ ಇಲ್ಲೇ ಗೊರಕಿ ಹೊಡೀತಿದ್ದಾಂವ ನಾನ ರೀ."