ಜೇಬಿನ ಕಾಗದ

ತನ್ನ ಅಕ್ಕನ ನೀಲಿ ಅಂಗಿಯ ಕಾಲರಿಗೆ ಚಿಕ್ಕಕ್ಕ ಮೂರನೆಯ ಸಲ ಇಸ್ತ್ರಿ ಒತ್ತುತ್ತಿದ್ದಳು. ಶವದ ಪೆಟ್ಟಿಗೆ ತಂದವರು ಬಾಗಿಲಲ್ಲಿ ನಿಂತು, ಇನ್ನೆಷ್ಟು ಹೊತ್ತು ಎಂದು ಎರಡು ಸಲ ಕೇಳಿಯಾಗಿತ್ತು. ಸತ್ತವಳ ಕಾಲರು ನೆಟ್ಟಗಿದ್ದರೇನು, ಸೊಟ್ಟಗಿದ್ದರೇನು ಎಂದು ಅವರಿಗೆ ಅನ್ನಿಸಿರಬೇಕು. ಚಿಕ್ಕಕ್ಕ ನೀರು ಚಿಮುಕಿಸಿ, ಹೊಲಿಗೆಯ ಮೇಲೆ ಇಸ್ತ್ರಿಯ ಮೂತಿ ಆಡಿಸಿ, ಕೊನೆಗೆ ಅಭ್ಯಾಸಬಲದಿಂದ ಅಂಗಿಯ ಜೇಬಿಗೆ ಕೈ ಹಾಕಿ ನೋಡಿದಳು. ಖಾಲಿ.

ಪಕ್ಕದ ಅಂಗಡಿಯ ಬೀಗದವನು ಬಂದು ಕುರ್ಚಿಗಳನ್ನು ಜೋಡಿಸುತ್ತಿದ್ದ. ಇಪ್ಪತ್ತು ವರ್ಷದಿಂದ ನೆರೆಯವನು. ದಿನಕ್ಕೆರಡು ಸಲ ಇಣುಕಿ ಹರಟೆ ಹೊಡೆಯದೆ ಹೋದವನಲ್ಲ. ಇವತ್ತು ಅವಳ ಕಣ್ಣು ತಪ್ಪಿಸಿ ಓಡಾಡುತ್ತಿದ್ದ. ಪಾಪ, ದುಃಖ ಎಂದುಕೊಂಡಳು ಚಿಕ್ಕಕ್ಕ.

ಬೋಧಕರೂ ಬಂದರು. ಅಕ್ಕ ಕೊನೆಯ ಎರಡು ವರ್ಷ ಹಚ್ಚಿಕೊಂಡಿದ್ದ ಪ್ರಾರ್ಥನಾ ಮಂದಿರದ ಹಿರಿಯರು ಇವರು. ಮೃದು ಮಾತಿನ, ತೊಳೆದಿಟ್ಟಂಥ ಮನುಷ್ಯ. ಮಂದಿರದ ಹೆಂಗಸರು ಮನೆ ನೋಡಿಕೊಳ್ಳುತ್ತಾರೆ, ನೀವು ಯಾವುದಕ್ಕೂ ಚಿಂತೆ ಮಾಡಬೇಡಿ ಎಂದರು. ಎಷ್ಟು ಒಳ್ಳೆಯವರು ಎನ್ನಿಸಿ ಚಿಕ್ಕಕ್ಕನ ಕಣ್ಣು ತುಂಬಿಬಂತು.

*

ಲಾಂಡ್ರಿ ಅಪ್ಪನ ಕಾಲದ್ದು. ಕೆಳಗೆ ಅಂಗಡಿ, ಮೇಲೆ ಮನೆ. ಸಾಯುವಾಗ ಅಪ್ಪ, ಇದು ನಿಮ್ಮಿಬ್ಬರದು ಎಂದು ಬಾಯಲ್ಲಿ ಹೇಳಿ, ಕಾಗದದಲ್ಲಿ ದೊಡ್ಡವಳ ಹೆಸರೊಂದನ್ನೇ ಬರೆಸಿದ್ದ. ಚಿಕ್ಕವಳಿಗೆ ಆಗಿನ್ನೂ ಸಹಿ ಹಾಕುವ ವಯಸ್ಸಾಗಿರಲಿಲ್ಲ. ಆಮೇಲೆ ಸರಿಮಾಡಿದರಾಯಿತು ಎಂದುಕೊಂಡರು. ಆ ಆಮೇಲೆ ಎಂಬುದು ಮೂವತ್ತೊಂದು ವರ್ಷವಾದರೂ ಬರಲಿಲ್ಲ.

ಊರವರ ಬಾಯಲ್ಲಿ ಅಕ್ಕ ದೊಡ್ಡಕ್ಕ, ತಂಗಿ ಚಿಕ್ಕಕ್ಕ. ದೊಡ್ಡಕ್ಕ ಮುಂದಿನ ಕಟ್ಟೆಯಲ್ಲಿ, ಚಿಕ್ಕಕ್ಕ ಹಿಂದಿನ ಹಬೆಯ ಕೋಣೆಯಲ್ಲಿ. ನಗುನಗುತ್ತಾ ಬಟ್ಟೆ ತೆಗೆದುಕೊಳ್ಳುವವಳು ಅವಳು, ಬೆವರು ಸುರಿಸಿ ಮಡಿಕೆ ಕೂರಿಸುವವಳು ಇವಳು. ಊರಿಗೆಲ್ಲ ದೊಡ್ಡಕ್ಕನ ಮುಖ ಗೊತ್ತು, ಚಿಕ್ಕಕ್ಕನ ಕೈಕೆಲಸ ಮಾತ್ರ ಗೊತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಮ್ಮನೆ ಅಲ್ಲ. ಅವಳಿಗೆ ಅದರ ಬೇಸರವೂ ಇರಲಿಲ್ಲ. ಹೊಸ ಚಪ್ಪಲಿ ಕೊಳ್ಳೋಣ ಬಾ ಎಂದು ಅಕ್ಕ ಕರೆದರೂ "ನಂಗೇನ್ ಬೇಡ, ನೀನ್ ತಗೋ" ಎನ್ನುವುದು ಅವಳ ಬಾಯಿಪಾಠ.

ಅಪ್ಪ ಬಿಟ್ಟುಹೋದ ನಿಯಮ ಒಂದಿತ್ತು. ಗಿರಾಕಿಯ ಜೇಬಿನಲ್ಲಿ ಸಿಕ್ಕಿದ್ದನ್ನು ಓದಬಾರದು. ಚೀಟಿಯಾಗಲಿ, ಪತ್ರವಾಗಲಿ, ಒದ್ದೆಯಾಗಿದ್ದರೆ ಮಗುಚಿ ಹಾಕಿ, ಮೇಲೊಂದು ತೆಳು ಬಟ್ಟೆ ಹಾಸಿ ಇಸ್ತ್ರಿಯಿಂದ ಒಣಗಿಸಿ, ಲಕೋಟೆಗೆ ಹಾಕಿ ವಾಪಸು ಕೊಡಬೇಕು. ಹೀಗೆ ಊರಿನ ಅರ್ಧ ಗುಟ್ಟು ಚಿಕ್ಕಕ್ಕನ ಕೈಮೇಲೆ ಹಾದುಹೋಗಿತ್ತು, ಒಂದನ್ನೂ ಅವಳ ಕಣ್ಣು ನೋಡಿರಲಿಲ್ಲ. ಅದೊಂದು ವಿಷಯದಲ್ಲಿ ಅವಳಿಗೆ ಸಣ್ಣ ಜಂಬವಿತ್ತು.

ಅಕ್ಕ ಆಸ್ಪತ್ರೆ ಸೇರಿದಾಗ, ಅಂಗಡಿಗೆ ಬೀಗ ಹಾಕಿ ಬಂದು ಪಕ್ಕದಲ್ಲೇ ಇರುತ್ತೇನೆಂದು ಚಿಕ್ಕಕ್ಕ ಹಟ ಹಿಡಿದಳು. ಅಕ್ಕ ಅವಳ ಕೈ ಹಿಡಿದುಕೊಂಡು, "ಬಾಗಿಲು ಮಾತ್ರ ಹಾಕ್ಬೇಡ ಕಣೇ. ಒಂದ್ಸಲ ಗಿರಾಕಿ ತಪ್ಪಿಹೋದ್ರೆ ಮತ್ತೆ ಬರಲ್ಲ. ನಾನು ಇರ್ತೀನಿ ಬಿಡು" ಎಂದಳು. ಅಕ್ಕನ ಮಾತು ಮೀರಿ ಗೊತ್ತಿಲ್ಲದವಳು. ಮುಂದಿನ ಕಟ್ಟೆ, ಹಿಂದಿನ ಕೋಣೆ ಎರಡನ್ನೂ ಒಬ್ಬಳೇ ಎಳೆದಳು. ರಜೆಯ ದಿನವೊಂದು ಬಿಟ್ಟರೆ ಆಸ್ಪತ್ರೆಗೆ ಹೋಗಲಾಗುತ್ತಿರಲಿಲ್ಲ. ಅಕ್ಕನಿಗೆ ದಿನಕ್ಕೊಂದರಂತೆ ಬೆಳ್ಳಗೆ ಒಗೆದು ಒತ್ತಿದ ರಾತ್ರಿಯ ಅಂಗಿಗಳನ್ನು ಮಾತ್ರ ಬೀಗದವನ ಕೈಯಲ್ಲಿ ತಪ್ಪದೆ ಕಳಿಸುತ್ತಿದ್ದಳು.

*

ಮಂದಿರದಲ್ಲಿ ಪ್ರಾರ್ಥನೆ ಮುಗಿದ ಮೇಲೆ ಬೋಧಕರು ಪೆಟ್ಟಿಗೆಯ ಪಕ್ಕ ನಿಂತು ದೊಡ್ಡಕ್ಕನ ಗುಣಗಾನ ಮಾಡಿದರು. ಚಿಕ್ಕಕ್ಕ ಮೊದಲ ಸಾಲಿನಲ್ಲಿ ಕೂತು ಎಲ್ಲದಕ್ಕೂ ತಲೆದೂಗುತ್ತಿದ್ದಳು. ಬೋಧಕರು ತಮ್ಮ ಅಂಗಿಯ ಒಳಜೇಬಿನಿಂದ ಒಂದು ಕಾಗದ ತೆಗೆದರು. ಈ ತಾಯಿ ಬದುಕಿದ್ದಾಗ ಯಾರಿಗೂ ಹೇಳಕೂಡದೆಂದು ಕೇಳಿಕೊಂಡಿದ್ದರು, ಈಗ ಹೇಳದಿದ್ದರೆ ತಪ್ಪಾಗುತ್ತದೆ ಎಂದು ಓದತೊಡಗಿದರು.

"ನನ್ನ ಹೆಸರಿನಲ್ಲಿರುವ ಅಂಗಡಿ ಮತ್ತು ಅದರ ಮೇಲಿನ ಮನೆಯನ್ನು ದೇವರ ಸೇವೆಗಾಗಿ ಪ್ರಾರ್ಥನಾ ಮಂದಿರಕ್ಕೆ ಬಿಟ್ಟುಹೋಗುತ್ತಿದ್ದೇನೆ. ನಾನು ಹಾಸಿಗೆ ಹಿಡಿದಾಗ ನನ್ನ ಪಕ್ಕ ಕೂತವರು ಇವರೇ. ನನ್ನ ತಂಗಿ ಯಾವತ್ತೂ ಏನನ್ನೂ ಕೇಳಿದವಳಲ್ಲ. ಅವಳಿಗೆ ಕೈಯಲ್ಲಿ ಕೆಲಸವಿದೆ, ಮೇಲೆ ದೇವರಿದ್ದಾನೆ."

ಕೆಳಗೆ ಸಾಕ್ಷಿಗಳ ರುಜುವೂ ಇದೆ ಎಂದರು. ಜನ ತಿರುಗಿ ಚಿಕ್ಕಕ್ಕನನ್ನು ನೋಡಿದರು. ಎಂಥ ತ್ಯಾಗದ ಮನೆತನ ಎಂಬ ಮೆಚ್ಚುಗೆ ಅವರ ಕಣ್ಣಲ್ಲಿ. ಹಿಂದಿನ ಸಾಲಿನಿಂದ ಯಾರೋ ಅವಳ ಭುಜ ತಟ್ಟಿದರು. ಅವಳಿಗೆ ಅದೊಂದೂ ತಿಳಿಯಲಿಲ್ಲ. ಅವಳು ನೋಡುತ್ತಿದ್ದುದು ಕಾಗದದ ಮೂಲೆಯನ್ನು. ಅಲ್ಲಿ ಉಗುರಿನಷ್ಟು ಜಾಗ ಕಂದು ಬಣ್ಣಕ್ಕೆ ತಿರುಗಿತ್ತು. ಇಸ್ತ್ರಿ ತಾಗಿ ಸೀದ ಗುರುತು. ಊರಿನಲ್ಲಿ ಬೇರೆ ಯಾರಿಗೂ ಅದೇನೆಂದು ತಿಳಿಯುತ್ತಿರಲಿಲ್ಲ.

*

ಏಳು ತಿಂಗಳ ಹಿಂದೆ, ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದ ಎರಡನೆಯ ವಾರ. ಒಗೆಯಲು ಹಾಕಿದ್ದ ಅಕ್ಕನ ಮೇಲಂಗಿಯನ್ನು ನೀರಿನಿಂದ ಎತ್ತಿ ಹಿಂಡುವಾಗ ಚಿಕ್ಕಕ್ಕನ ಕೈಗೆ ಮಡಿಸಿದ ಕಾಗದ ಸಿಕ್ಕಿತ್ತು. ಇನ್ನೊಂದು ಸಲ ಹಿಂಡಿದ್ದರೆ ಮುದ್ದೆಯಾಗುತ್ತಿತ್ತು. ಅಷ್ಟರಲ್ಲಿ ಗೋಡೆ ಹಿಡಿದುಕೊಂಡು ಅಕ್ಕ ಒಳಗೆ ಬಂದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಓದಿದ್ಯಾ?"

"ಓದ್ತೀನಾ? ಅಪ್ಪ ಬಂದು ಕಿವಿ ಹಿಂಡಲ್ವಾ?"

ಅಕ್ಕ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತು, ಒಣಗಿಸಿ ಕೊಡು ಎಂದಳು. ಚಿಕ್ಕಕ್ಕ ಕಾಗದವನ್ನು ಮಗುಚಿ ಹಾಸಿ, ಮೇಲೆ ತೆಳು ಬಟ್ಟೆ ಹಾಕಿ, ಹಸುಗೂಸಿನ ಬೆನ್ನು ನೇವರಿಸುವಂತೆ ಮೆಲ್ಲಗೆ ಒತ್ತಿದಳು. ಈ ವಯಸ್ಸಿಗೆ ಯಾರಪ್ಪಾ ನಿಂಗೆ ಪ್ರೇಮಪತ್ರ ಬರೆದವನು ಎಂದು ಕಿಚಾಯಿಸಿದಳು. ಅಕ್ಕ ನಕ್ಕಳು. ಎಷ್ಟೋ ತಿಂಗಳ ಮೇಲೆ ಅಕ್ಕ ನಕ್ಕಿದ್ದನ್ನು ನೋಡುತ್ತ ಇವಳು ಮೈಮರೆತಾಗಲೇ ಮೂಲೆ ಸೀದಿದ್ದು. ಅಯ್ಯೋ ಎಂದು ಎರಡು ಸಲ ಕ್ಷಮೆಯನ್ನೂ ಕೇಳಿದ್ದಳು.

ಒಂದು ಮಾತು ಹೇಳಲು ಅಕ್ಕನಿಗೆ ಹತ್ತು ನಿಮಿಷವಿತ್ತು. ಸ್ಟೂಲಿನ ಮೇಲೆ ಕೂತು ಅವಳು ತಂಗಿಯ ಕೈಯನ್ನೇ ನೋಡುತ್ತಿದ್ದಳು.

*

ಗುಂಡಿಗೆ ಮಣ್ಣು ಹಾಕುವಾಗ ಬೀಗದವನು ಚಿಕ್ಕಕ್ಕನ ಪಕ್ಕ ಬಂದು ನಿಂತ. ಅವನು ಬಾಯಿ ಬಿಡುವ ಮೊದಲೇ ಅವಳು ಕೇಳಿದಳು.

"ಸಾಕ್ಷಿ ನೀನೇನಾ?"

ಅವನು ತಲೆ ತಗ್ಗಿಸಿದ. "ನಿನ್ನಕ್ಕ ಆಣೆ ಹಾಕಿಸ್ಕೊಂಡಿದ್ಲು, ಚಿಕ್ಕಕ್ಕ."

"ಏಳು ತಿಂಗಳು. ದಿನಾ ಬಂದು ನನ್ ಜೊತೆ ನಗ್ತಿದ್ದೆ."

"ನಾನು ಹೇಳ್ದೆ ಅವಳಿಗೆ. ಚಿಕ್ಕಕ್ಕನ್ನೂ ಒಂದ್ ಮಾತು ಕೇಳು ಅಂತ. ಅದಕ್ಕವಳು, ಅವ್ಳಿಗೇನೂ ಬೇಡ, ನಂಗೊತ್ತು ಅಂದ್ಲು."

ದೇವರಿಗೆ ಕೊಟ್ಟದ್ದಕ್ಕೆ ಚಿಕ್ಕಕ್ಕನಿಗೆ ಸಿಟ್ಟಿರಲಿಲ್ಲ. ಕೇಳಿದ್ದರೆ, ಯಾರಿಗೆ ಗೊತ್ತು, ಅದಕ್ಕೂ ನನಗೇನು ಬೇಡ ಎಂದೇ ಬಿಡುತ್ತಿದ್ದಳೋ ಏನೋ. ಪಕ್ಕ ಕೂರಬೇಡ ಎಂದವಳೇ, ಪಕ್ಕ ಕೂರಲಿಲ್ಲವೆಂದು ಬರೆದಿಟ್ಟುಹೋಗಿದ್ದಳು. ಅದನ್ನು ಒಣಗಿಸಿ, ಸುಕ್ಕು ಬಿಡಿಸಿ, ಓದುವಂತೆ ಮಾಡಿಕೊಟ್ಟದ್ದು ಇವಳ ಕೈ. ಅಳಬೇಕೆಂದು ನಿಂತಿದ್ದ ಗುಂಡಿಯ ಎದುರು ಅವಳಿಗೆ ಒಂದು ಹನಿಯೂ ಬರಲಿಲ್ಲ.

ಬೋಧಕರು ಕೈಯಲ್ಲಿದ್ದ ಮಣ್ಣು ಕೊಡವಿಕೊಂಡು ಹತ್ತಿರ ಬಂದರು. "ತಕ್ಷಣ ಬಿಡ್ಬೇಕು ಅಂತೇನೂ ಇಲ್ಲಮ್ಮ. ತಿಂಗಳ ಕೊನೇವರೆಗೂ ಆರಾಮಾಗಿರಿ. ನಿಮ್ಮಕ್ಕ ಹೇಳ್ತಿದ್ರು, ನೀವು ತುಂಬಾ ದೊಡ್ಡ ಮನಸ್ಸಿನವ್ರು ಅಂತ."

"ನಂಗೆ ಆ ಮಾತು ಹೇಳ್ಲೇ ಇಲ್ಲ ಸ್ವಾಮಿ" ಎಂದಳು ಚಿಕ್ಕಕ್ಕ. ಅವರು ಅದನ್ನು ವಿನಯವೆಂದು ತಿಳಿದು, ಅವಳಿಗೆ ಒಳ್ಳೆಯದಾಗಲೆಂದು ಹರಸಿ, ಉಳಿದವರನ್ನು ಮಾತಾಡಿಸಲು ಹೋದರು. ಜನ ಸಾಲಾಗಿ ನಿಂತು ಸಮಾಧಾನ ಹೇಳುತ್ತಿದ್ದುದೂ ಅವರಿಗೇ. ಬೀಗದವನು ಗಾಡಿಯಲ್ಲಿ ಬಿಡುತ್ತೇನೆ ಬಾ ಎಂದು ಕರೆದ. ಅವಳು ತಿರುಗಿಯೂ ನೋಡದೆ ನಡೆದಳು.

ಮನೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಮೆಟ್ಟಿಲು ಹತ್ತಿದಳು. ಬಾಗಿಲು ಒಳಗಿನಿಂದ ಹಾಕಿತ್ತು. ತನ್ನ ಮನೆಯ ಬಾಗಿಲನ್ನು ಅವಳು ಹಿಂದೆಂದೂ ತಟ್ಟಿದವಳಲ್ಲ. ಎಷ್ಟು ಜೋರಾಗಿ ತಟ್ಟಬೇಕೆಂದು ಗೊತ್ತಾಗದೆ ಒಂದು ಕ್ಷಣ ನಿಂತು, ಆಮೇಲೆ ಬೆರಳ ಗಿಣ್ಣಿನಿಂದ ಎರಡು ಸಲ ಬಡಿದಳು. ಮಂದಿರದ ಒಬ್ಬ ಹೆಂಗಸು ತೆಗೆದಳು. ಪೆಟ್ಟಿಗೆ ಹೊರಟ ಮೇಲೆ ಬಂದು ಮನೆ ಗುಡಿಸಿ ಒರೆಸುತ್ತ ಇಲ್ಲೇ ಉಳಿದಿದ್ದವಳು, ಚಿಕ್ಕಕ್ಕನನ್ನು ಹಿಂದೆ ಕಂಡವಳಲ್ಲ.

"ಬನ್ನಿ, ಬನ್ನಿ" ಎಂದು ಅಕ್ಕರೆಯಿಂದ ಕರೆದಳು. "ತುಂಬಾ ದೂರದಿಂದ ನಡ್ಕೊಂಡ್ ಬಂದ ಹಾಗಿದೆ. ದೊಡ್ಡಕ್ಕಂಗೆ ನೀವು ಏನಾಗ್ಬೇಕು?"

"ಏನೂ ಆಗ್ಬೇಕಾಗಿಲ್ಲ" ಎಂದಳು ಚಿಕ್ಕಕ್ಕ.

ಹೆಂಗಸು ಅವಳನ್ನು ಒಳಗೆ ಕರೆದು ಕೂರಿಸಿ, ಅಡುಗೆಮನೆಯಿಂದ ಒಂದು ಲೋಟ ನೀರು ತಂದುಕೊಟ್ಟಳು. ಚಿಕ್ಕಕ್ಕ ಕುರ್ಚಿಯ ಅಂಚಿನಲ್ಲಿ, ಧೂಳು ಮೆತ್ತಿದ ಹಿಮ್ಮಡಿ ಒರೆಸಿದ ನೆಲಕ್ಕೆ ತಾಗದಂತೆ ತುದಿಗಾಲೂರಿ ಕೂತು, ನೀರನ್ನೆಲ್ಲ ಕುಡಿದಳು. ಆಮೇಲೆ ಎದ್ದು, ಖಾಲಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದಳು.

"ಇದನ್ನ ಎಲ್ಲಿಡ್ಲಿ?"